ಲೆಟರ್‌ಹೆಡ್ ಇರುವ ನೋವು

2021ರ ನವೆಂಬರ್ 28, ಭಾನುವಾರ. ಬೆಂಗಳೂರಿನ ಗುಡ್ ಶೆಫರ್ಡ್ ಸಭಾಂಗಣದಲ್ಲಿ ಅಂದು ಮುನವ್ವರ್ ಫಾರೂಕಿ ಅವರ ಸ್ಟ್ಯಾಂಡ್‌ಅಪ್ ಕಾಮಿಡಿ ನಡೆಯಬೇಕಿತ್ತು. 600ಕ್ಕೂ ಹೆಚ್ಚು ಟಿಕೆಟ್ ಮಾರಾಟವಾಗಿದ್ದವು. ತಿಂಗಳ ಹಿಂದಷ್ಟೇ ತೀರಿಕೊಂಡಿದ್ದ ಪುನೀತ್ ರಾಜ್‌ಕುಮಾರ್ ಅವರ ಸೇವಾ ಸಂಸ್ಥೆಗೆ ಈ ಪ್ರದರ್ಶನದ ಹಣದಿಂದ ನೆರವು ಕೊಡುವ ಉದ್ದೇಶವಿತ್ತು ಎಂದು ಫಾರೂಕಿ ಆಮೇಲೆ ಬರೆದುಕೊಂಡರು. ಪ್ರದರ್ಶನಕ್ಕೆ ಮುನ್ನ ಅಶೋಕನಗರ ಪೊಲೀಸ್ ಠಾಣೆಯಿಂದ ಸಂಘಟಕರಿಗೆ ಪತ್ರ ಬಂತು. ಇವರು ವಿವಾದಾತ್ಮಕ ವ್ಯಕ್ತಿ, ಹಲವು ರಾಜ್ಯಗಳಲ್ಲಿ ಇವರ ಕಾರ್ಯಕ್ರಮಗಳಿಗೆ ತಡೆ ಬಿದ್ದಿದೆ, ಕೆಲವು ಸಂಘಟನೆಗಳು ವಿರೋಧಿಸುತ್ತಿರುವುದು ತಿಳಿದುಬಂದಿದೆ, ಕಾನೂನು ಸುವ್ಯವಸ್ಥೆಗೆ ಧಕ್ಕೆಯಾಗುವ ಸಂಭವವಿದೆ, ಆದ್ದರಿಂದ ರದ್ದು ಮಾಡುವುದು ಸೂಕ್ತ ಎಂಬುದು ಅದರ ತಿರುಳು.

ಪತ್ರದ ಭಾರವೆಲ್ಲ ಬಿದ್ದದ್ದು ಎಲ್ಲಿ ಎಂಬುದನ್ನು ಗಮನಿಸಬೇಕು. ಅಂದು ಸಂಜೆ ಫಾರೂಕಿ ಏನು ಹೇಳಲಿದ್ದರು ಎಂಬುದಕ್ಕಿಂತ ಬೇರೆಯವರು ಏನು ಮಾಡಿಬಿಡಬಹುದು ಎಂಬುದೇ ಅದರ ಚಿಂತೆ. ಗಲಾಟೆ ಮಾಡುವ ಸೂಚನೆ ಕೊಟ್ಟವರು ಒಂದು ಕಡೆ, ಟಿಕೆಟ್ ಕೊಂಡು ನಗಲು ಬರುತ್ತಿದ್ದವರು ಇನ್ನೊಂದು ಕಡೆ. ಮನೆಯಲ್ಲಿರಿ ಎಂದು ಹೇಳಿಸಿಕೊಂಡವರು ಎರಡನೆಯವರು. ಪ್ರದರ್ಶನ ರದ್ದಾಯಿತು. ದ್ವೇಷ ಗೆದ್ದಿತು, ಕಲಾವಿದ ಸೋತ ಎಂಬರ್ಥದ ಎರಡು ಸಾಲು ಬರೆದು ಫಾರೂಕಿ ವಿದಾಯ ಹೇಳಿದರು. ವಿದಾಯ ಶಾಶ್ವತವಾಗಲಿಲ್ಲ, ಅದು ಬೇರೆ ಮಾತು. 2022ರ ಆಗಸ್ಟ್‌ನಲ್ಲಿ ಇದೇ ಊರಿನಲ್ಲಿ ಮತ್ತೊಮ್ಮೆ ದಿನ ಗೊತ್ತುಮಾಡಿದಾಗ ಅನುಮತಿಯ ಪ್ರಶ್ನೆ ಎದ್ದು ಅದೂ ನಿಂತಿತು.

ಮೊದಲ ಘಟನೆಯಾದ ಕೆಲವೇ ದಿನಗಳಲ್ಲಿ ಕುನಾಲ್ ಕಾಮ್ರಾ ತಮ್ಮ ಬೆಂಗಳೂರಿನ ಪ್ರದರ್ಶನಗಳು ರದ್ದಾದವೆಂದು ಪ್ರಕಟಿಸಿದರು. ಅವರು ಕೊಟ್ಟ ಕಾರಣ ಎರಡು: ಹೆಚ್ಚು ಜನ ಕೂರಬಹುದಾದ ಜಾಗದಲ್ಲಿ 45 ಮಂದಿಯನ್ನು ಕೂರಿಸುವುದಕ್ಕೂ ವಿಶೇಷ ಅನುಮತಿ ಸಿಗಲಿಲ್ಲ, ಇವರನ್ನು ವೇದಿಕೆ ಹತ್ತಿಸಿದರೆ ಜಾಗವನ್ನೇ ಮುಚ್ಚಿಸುತ್ತೇವೆಂಬ ಬೆದರಿಕೆ ಬಂದಿತ್ತು. ಮುಂದಿನ ವರ್ಷ, 2022ರ ನವೆಂಬರ್ 10ರಂದು, ಚೌಡಯ್ಯ ಸ್ಮಾರಕ ಭವನದಲ್ಲಿ ವೀರ್ ದಾಸ್ ಅವರ ಸರದಿ. ವಯ್ಯಾಲಿಕಾವಲ್ ಠಾಣೆಗೆ ಹಿಂದೂ ಜನಜಾಗೃತಿ ಸಮಿತಿ ದೂರು ಕೊಟ್ಟಿತು. ಆ ಪ್ರದರ್ಶನವೂ ನಡೆಯಲಿಲ್ಲ.

ಮೂರು ಪ್ರಕರಣಗಳಲ್ಲಿ ಒಂದು ಸಮಾನ ಅಂಶವಿದೆ. ಯಾವ ನ್ಯಾಯಾಲಯವೂ ಈ ಪ್ರದರ್ಶನಗಳನ್ನು ನಿಷೇಧಿಸಿರಲಿಲ್ಲ. ಆದರೂ ಮೂರೂ ನಿಂತವು. ಹಾಸ್ಯಕ್ಕೆ ಮಿತಿ ಎಲ್ಲಿ, ದೇವರ ಬಗ್ಗೆ ಜೋಕು ಮಾಡಬಹುದೇ, ಭಾವನೆಗೆ ಧಕ್ಕೆಯಾದರೆ ಏನು ಎಂದು ನಾವು ಟೀವಿಯಲ್ಲಿ ಗಂಟೆಗಟ್ಟಲೆ ಜಗಳವಾಡುತ್ತೇವೆ. ಜೋಕಿನ ಹಣೆಬರಹ ಅಷ್ಟರೊಳಗೆ ಸಭಾಂಗಣದ ಮ್ಯಾನೇಜರರ ಮೊಬೈಲಿನಲ್ಲಿ ತೀರ್ಮಾನವಾಗಿ ಹೋಗಿರುತ್ತದೆ.

ಕಾನೂನಿನ ಪುಸ್ತಕ ಏನು ಹೇಳುತ್ತದೆ ಎಂಬುದನ್ನು ಮೊದಲು ನೋಡೋಣ, ಏಕೆಂದರೆ ಅದು ಹಾಸ್ಯಗಾರರ ಪರವಾಗಿಯೇ ಇದೆ, ಬಹುಮಟ್ಟಿಗೆ. ಸಂವಿಧಾನದ 19(1)(ಎ) ವಿಧಿ ಮಾತಿನ ಸ್ವಾತಂತ್ರ್ಯ ಕೊಡುತ್ತದೆ, 19(2) ಅದಕ್ಕೆ ಮಿತಿ ಹೇರಬಹುದಾದ ಕಾರಣಗಳನ್ನು ಹೆಸರಿಸುತ್ತದೆ: ದೇಶದ ಸಾರ್ವಭೌಮತ್ವ ಮತ್ತು ಅಖಂಡತೆ, ರಾಜ್ಯದ ಭದ್ರತೆ, ವಿದೇಶಗಳೊಂದಿಗಿನ ಸ್ನೇಹ, ಸಾರ್ವಜನಿಕ ಸುವ್ಯವಸ್ಥೆ, ಸಭ್ಯತೆ ಅಥವಾ ನೈತಿಕತೆ, ನ್ಯಾಯಾಂಗ ನಿಂದನೆ, ಮಾನಹಾನಿ, ಅಪರಾಧಕ್ಕೆ ಪ್ರಚೋದನೆ. ಮನಸ್ಸಿಗೆ ನೋವಾಗುವುದು ಈ ಪಟ್ಟಿಯಲ್ಲಿ ಇಲ್ಲ. ಹಾಗಾದರೆ ಧಾರ್ಮಿಕ ಭಾವನೆಗೆ ಧಕ್ಕೆ ತರುವುದನ್ನು ಅಪರಾಧವೆನ್ನುವ ಹಳೆಯ ದಂಡ ಸಂಹಿತೆಯ 295ಎ ಕಲಮು, ಅಂದರೆ 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ನ್ಯಾಯ ಸಂಹಿತೆಯ 299, ಉಳಿದುಕೊಂಡಿರುವುದು ಹೇಗೆ? 1957ರಲ್ಲಿ ರಾಮ್‌ಜಿ ಲಾಲ್ ಮೋದಿ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಅದನ್ನು ಸಾರ್ವಜನಿಕ ಸುವ್ಯವಸ್ಥೆಯ ನೆರಳಿನಲ್ಲಿ ಉಳಿಸಿತು. ಜೊತೆಗೆ ಒಂದು ಷರತ್ತನ್ನೂ ಇಟ್ಟಿತು: ಗೊತ್ತಿಲ್ಲದೆಯೋ ಎಚ್ಚರತಪ್ಪಿಯೋ ಆಡಿದ ಮಾತು ಇದಕ್ಕೆ ಸೇರುವುದಿಲ್ಲ, ಬೇಕೆಂದೇ, ದುರುದ್ದೇಶದಿಂದ ಮಾಡಿದ ತೀವ್ರ ಸ್ವರೂಪದ ಅವಮಾನ ಮಾತ್ರ ಶಿಕ್ಷಾರ್ಹ. ನಗಿಸುವುದಕ್ಕೆಂದು ನಿಂತವನ ಮೇಲೆ ಈ ಉದ್ದೇಶವನ್ನು ಸಾಬೀತುಪಡಿಸುವುದು ಸುಲಭವಲ್ಲ.

ಗಲಾಟೆಯಾಗುತ್ತದೆ ಎಂಬ ಕಾರಣಕ್ಕೆ ಅಂದಿನ ಮಾತನ್ನು ನಿಲ್ಲಿಸಬಹುದೇ? ಇದಕ್ಕೆ ಉತ್ತರ ಸಿಕ್ಕು ದಶಕಗಳೇ ಕಳೆದವು. 1989ರಲ್ಲಿ ರಂಗರಾಜನ್ ಪ್ರಕರಣದ ತೀರ್ಪು ಬರೆದವರು ಕನ್ನಡಿಗರೇ ಆದ ನ್ಯಾಯಮೂರ್ತಿ ಕೆ. ಜಗನ್ನಾಥ ಶೆಟ್ಟಿ. ಮೀಸಲಾತಿಯನ್ನು ಟೀಕಿಸುವ ತಮಿಳು ಚಿತ್ರವೊಂದನ್ನು ತೋರಿಸಿದರೆ ಬೆಂಕಿ ಹತ್ತಿಕೊಳ್ಳುತ್ತದೆ ಎಂಬ ವಾದ ಅಲ್ಲಿ ಎದ್ದಿತ್ತು. ಪ್ರತಿಭಟನೆ, ಮೆರವಣಿಗೆ, ಹಿಂಸೆಯ ಬೆದರಿಕೆಗೆ ಮಣಿದು ಅಭಿವ್ಯಕ್ತಿಯನ್ನು ಹತ್ತಿಕ್ಕುವುದೆಂದರೆ ಕಾನೂನಿನ ಆಳ್ವಿಕೆಯನ್ನು ಬಿಟ್ಟುಕೊಟ್ಟ ಹಾಗೆ. ವಿರೋಧಿಸುವ ಗುಂಪನ್ನು ನಿಭಾಯಿಸಲಾರೆವು ಎಂದು ಸರ್ಕಾರ ಕೈಚೆಲ್ಲುವಂತಿಲ್ಲ ಎಂದು ಶೆಟ್ಟಿಯವರು ಬರೆದರು. ಅಶೋಕನಗರದ ಪತ್ರವನ್ನೂ ಈ ತೀರ್ಪನ್ನೂ ಒಟ್ಟಿಗೆ ಇಟ್ಟು ಓದಿದರೆ, ಮೂವತ್ತು ವರ್ಷದ ಹಿಂದೆಯೇ ತಳ್ಳಿಹಾಕಿದ ವಾದ ಠಾಣೆಯ ಮೊಹರು ಹಾಕಿಸಿಕೊಂಡು ಮತ್ತೆ ಬಂದಂತೆ ಕಾಣುತ್ತದೆ.

ಸ್ಟ್ಯಾಂಡ್‌ಅಪ್ ಕಾಮಿಡಿಯ ಹೆಸರನ್ನೇ ಎತ್ತಿದ ತೀರ್ಪು ಬಂದದ್ದು 2025ರ ಮಾರ್ಚ್ 28ರಂದು. ಇಮ್ರಾನ್ ಪ್ರತಾಪಗಢಿ ಎಂಬ ಸಂಸದ, ಕವಿಯ ಮೇಲಿದ್ದ ಎಫ್‌ಐಆರ್ ರದ್ದು ಮಾಡುತ್ತ ನ್ಯಾಯಮೂರ್ತಿಗಳಾದ ಅಭಯ್ ಎಸ್. ಓಕಾ ಮತ್ತು ಉಜ್ಜಲ್ ಭುಯಾನ್ ಅವರ ಪೀಠ, ಕವಿತೆ, ನಾಟಕ, ಸಿನಿಮಾಗಳ ಜೊತೆಗೆ ಸ್ಟ್ಯಾಂಡ್‌ಅಪ್ ಕಾಮಿಡಿಯೂ ಬದುಕಿಗೆ ಅರ್ಥ ತುಂಬುವ ಕಲೆ ಎಂದಿತು. ಗಣರಾಜ್ಯಕ್ಕೆ 75 ವರ್ಷವಾದ ಮೇಲೂ ಒಂದು ಪದ್ಯಕ್ಕೋ ಒಂದು ಹಾಸ್ಯ ಪ್ರದರ್ಶನಕ್ಕೋ ಸಮುದಾಯಗಳ ನಡುವೆ ವೈರ ಹುಟ್ಟುತ್ತದೆ ಎನ್ನುವಷ್ಟು ನಮ್ಮ ಬುನಾದಿ ಅಲುಗಾಡಬಾರದು ಎಂಬ ಮಾತೂ ಅದರಲ್ಲಿದೆ. ಮಾತನ್ನು ಅಳೆಯುವಾಗ ಧೃತಿಯುಳ್ಳ, ವಿವೇಕವುಳ್ಳ ಮನುಷ್ಯನ ಅಳತೆಗೋಲು ಬಳಸಬೇಕು, ಎಲ್ಲದರಲ್ಲೂ ಅಪಾಯ ಕಾಣುವ ದುರ್ಬಲ ಮನಸ್ಸಿನವನದ್ದಲ್ಲ ಎಂದು ಹಳೆಯ ತತ್ವವನ್ನು ಪೀಠ ಮತ್ತೆ ನೆನಪಿಸಿತು.

ಇಷ್ಟೆಲ್ಲ ಇದ್ದೂ ಪ್ರದರ್ಶನ ಬಿದ್ದುಹೋಗುವುದು ಏಕೆ? ಜರಡಿ ಹಿಡಿದಿರುವುದು ತಪ್ಪು ತುದಿಯಲ್ಲಿ. 299ರಂಥ ಕಲಮುಗಳ ಕೆಳಗೆ ನ್ಯಾಯಾಲಯ ಪ್ರಕರಣವನ್ನು ವಿಚಾರಣೆಗೆ ಎತ್ತಿಕೊಳ್ಳಬೇಕಾದರೆ ಸರ್ಕಾರದ ಪೂರ್ವಾನುಮತಿ ಬೇಕು. ಹಿಂದೆ ದಂಡ ಪ್ರಕ್ರಿಯಾ ಸಂಹಿತೆಯ 196ನೇ ಕಲಮಿನಲ್ಲಿದ್ದ ಈ ರಕ್ಷಣೆ ಈಗ ನಾಗರಿಕ ಸುರಕ್ಷಾ ಸಂಹಿತೆಯ 217ರಲ್ಲಿದೆ. ಆದರೆ ಎಫ್‌ಐಆರ್ ಹಾಕಲು ಈ ಅನುಮತಿ ಬೇಕಿಲ್ಲ, ಬಂಧಿಸಲೂ ಬೇಕಿಲ್ಲ. ಧಾರ್ಮಿಕ ಭಾವನೆಗೆ ಧಕ್ಕೆ ತಂದ ಆರೋಪದಲ್ಲಿ ಫಾರೂಕಿಯವರನ್ನು ಇಂದೋರ್‌ನಲ್ಲಿ ಬಂಧಿಸಿದ್ದು 2021ರ ಜನವರಿ 1ರಂದು. ಹೈಕೋರ್ಟ್ ಜಾಮೀನು ನಿರಾಕರಿಸಿತು. ಸುಪ್ರೀಂ ಕೋರ್ಟ್ ಮಧ್ಯಂತರ ಜಾಮೀನು ಕೊಟ್ಟದ್ದು ಫೆಬ್ರವರಿ 5ಕ್ಕೆ. ಮೊಕದ್ದಮೆ ನಿಲ್ಲುತ್ತದೋ ಬೀಳುತ್ತದೋ ಎಂಬುದು ಆಮೇಲಿನ ಪ್ರಶ್ನೆ. ತಿಂಗಳಿಗೂ ಹೆಚ್ಚಿನ ಜೈಲು ಅದಕ್ಕಿಂತ ಮುಂಚೆಯೇ ಮುಗಿದಿತ್ತು. ನಂತರ ಬೆಂಗಳೂರಿನ ಪತ್ರದಲ್ಲಿ ಅವರು ವಿವಾದಾತ್ಮಕ ವ್ಯಕ್ತಿಯಾಗಿ ಕಾಣಿಸಿಕೊಂಡರು. ಒಂದು ಊರಿನ ಎಫ್‌ಐಆರ್ ಇನ್ನೊಂದು ಊರಿನ ರದ್ದತಿಗೆ ಬಂಡವಾಳ.

ಇನ್ನು ಸಭಾಂಗಣ ನಡೆಸುವವರ ಜಾಗದಲ್ಲಿ ಒಮ್ಮೆ ಕುಳಿತು ನೋಡಬೇಕು. ಇಂದಿರಾನಗರದಲ್ಲೋ ಕೋರಮಂಗಲದಲ್ಲೋ ಕೆಫೆಯ ಮಹಡಿಯಲ್ಲಿ ಎಂಬತ್ತು ಕುರ್ಚಿ ಹಾಕಿ ಶನಿವಾರ ಭಾನುವಾರ ಕಾಮಿಡಿ ನಡೆಸುವವರಿಗೆ ಒಂದು ಸಂಜೆಯ ಬಾಡಿಗೆಯಲ್ಲಿ ಸಿಗುವುದು ಎಷ್ಟು? ಕಳೆದುಕೊಳ್ಳಬಹುದಾದದ್ದು ಎಷ್ಟು? ವ್ಯಾಪಾರದ ಪರವಾನಗಿ, ಅಗ್ನಿಶಾಮಕ ಇಲಾಖೆಯ ನಿರಾಕ್ಷೇಪಣಾ ಪತ್ರ, ಕಟ್ಟಡದ ನಕ್ಷೆ, ವಾಹನ ನಿಲುಗಡೆ, ಶಬ್ದದ ಮಿತಿ, ಮದ್ಯವಿದ್ದರೆ ಅಬಕಾರಿ ಇಲಾಖೆ. ಲೈವ್ ಬ್ಯಾಂಡ್, ಕ್ಯಾಬರೆ, ಡಿಸ್ಕೊಥೆಕ್‌ಗಳನ್ನು ಉದ್ದೇಶಿಸಿ ಬೆಂಗಳೂರು ನಗರಕ್ಕೆ 2005ರಲ್ಲಿ ಹೊರಡಿಸಿದ ಸಾರ್ವಜನಿಕ ಮನರಂಜನಾ ಸ್ಥಳಗಳ ಪರವಾನಗಿ ಆದೇಶವನ್ನು ಸುಪ್ರೀಂ ಕೋರ್ಟ್ 2018ರಲ್ಲಿ ಎತ್ತಿಹಿಡಿದಿದೆ. ಬೆಂಗಳೂರಿನ ಹಳೆಯ ಕಟ್ಟಡಗಳಲ್ಲಿ ಇವೆಲ್ಲವೂ ನೂರಕ್ಕೆ ನೂರು ಸರಿ ಇರುವ ಜಾಗ ಹುಡುಕಿ ತೋರಿಸಿದವರಿಗೆ ಸನ್ಮಾನ ಮಾಡಬೇಕು. ಎಲ್ಲೋ ಒಂದು ಕಡೆ ಕೊರತೆ ಇದ್ದೇ ಇರುತ್ತದೆ, ಅದು ಮಾಲೀಕರಿಗೂ ಗೊತ್ತು, ಅಧಿಕಾರಿಗೂ ಗೊತ್ತು. ಜೋಕಿನ ವಿರುದ್ಧ ಯಾರೂ ಆದೇಶ ಹೊರಡಿಸಬೇಕಿಲ್ಲ; ಮೆಟ್ಟಿಲಿನ ಅಗಲ ಅಳೆಯಲು ಬರುತ್ತೇವೆ ಎಂದರೆ ಸಾಕು.

ಮುಂಬೈಯಲ್ಲಿ ಇದರ ಬೆತ್ತಲೆ ರೂಪ ಕಂಡಿತು. 2025ರ ಮಾರ್ಚ್‌ನಲ್ಲಿ ಕಾಮ್ರಾ ಅವರ ವಿಡಿಯೊ ಒಂದು ಏಕನಾಥ ಶಿಂದೆ ಅವರನ್ನು ಅಣಕಿಸಿತೆಂದು ಅವರ ಶಿವಸೇನೆಯ ಕಾರ್ಯಕರ್ತರು ಖಾರ್‌ನ ಹ್ಯಾಬಿಟ್ಯಾಟ್ ಸ್ಟುಡಿಯೊಗೆ ನುಗ್ಗಿ ಒಡೆದುಹಾಕಿದರು. ಮರುದಿನ ಪಾಲಿಕೆಯವರು ಸುತ್ತಿಗೆ ಹಿಡಿದು ಬಂದು ಅದೇ ಜಾಗದ ಒಂದು ಭಾಗವನ್ನು ಅನಧಿಕೃತವೆಂದು ಕೆಡವಿದರು. ಕಾಮ್ರಾ ಅವರಿಗೆ ಮದ್ರಾಸ್ ಹೈಕೋರ್ಟ್ ಮಧ್ಯಂತರ ನಿರೀಕ್ಷಣಾ ಜಾಮೀನು ಕೊಟ್ಟಿತು, ಬಾಂಬೆ ಹೈಕೋರ್ಟ್ ಬಂಧನದಿಂದ ರಕ್ಷಣೆ ಕೊಟ್ಟಿತು. ಮಾತನಾಡಿದವರಿಗೆ ನ್ಯಾಯಾಲಯದ ಬಾಗಿಲು ತೆರೆಯಿತು. ಒಂದು ಜೋಕನ್ನೂ ಹೇಳದ ಸ್ಟುಡಿಯೊ ತಾನು ಬಾಗಿಲು ಮುಚ್ಚುತ್ತಿರುವುದಾಗಿ ಹೇಳಿಕೆ ಕೊಡಬೇಕಾಯಿತು.

ಈ ಭಯ ಒಂದು ಜೋಕಿನೊಳಗೆ ಹೇಗೆ ಇಳಿಯುತ್ತದೆ ಎಂಬುದನ್ನು ನಗರದ ಓಪನ್ ಮೈಕ್‌ಗಳಲ್ಲಿ ಕುಳಿತು ನೋಡಬಹುದು. ಒಬ್ಬೊಬ್ಬರಿಗೆ ನಾಲ್ಕೈದು ನಿಮಿಷ. ಸಮಯ ಮುಗಿಯಿತೆಂದು ಹಿಂದಿನ ಸಾಲಿನಿಂದ ಯಾರೋ ಮೊಬೈಲಿನ ಟಾರ್ಚ್ ತೋರಿಸುತ್ತಾರೆ. ಕನ್ನಡದಲ್ಲಿ ಹೇಳುವ ಹುಡುಗನೊಬ್ಬನ ಬಳಿ ಆಶೀರ್ವಾದಕ್ಕೆ ಜಿಎಸ್‌ಟಿ ಹಾಕಿ ರಸೀದಿ ಕೊಡುವ ಸ್ವಾಮೀಜಿಯ ಜೋಕು ಇತ್ತು. ಮೊದಲ ಸಲ ಕೇಳಿದಾಗ ಮಠ ಯಾವುದೆಂದು ಊಹಿಸಬಹುದಿತ್ತು, ಜನ ಕುರ್ಚಿ ತಟ್ಟಿ ನಕ್ಕರು. ಕೆಲವು ವಾರಗಳ ಮೇಲೆ ಅದೇ ಜೋಕು ಉತ್ತರ ಭಾರತದ ಯಾವನೋ ಬಾಬಾನ ಮೇಲೆ ಹೋಯಿತು. ಇನ್ನೂ ಸ್ವಲ್ಪ ದಿನಕ್ಕೆ ಬಾಬಾ ಮಾಯವಾಗಿ ಯೋಗ ಕಲಿಸುವ ಮೇಷ್ಟರು ಬಂದರು. ಕೊನೆಗೆ ನಾನು ಕೇಳಿದಾಗ ರಸೀದಿ ಕೊಡುತ್ತಿದ್ದವರು ಅಪಾರ್ಟ್‌ಮೆಂಟ್ ಸಂಘದ ಕಾರ್ಯದರ್ಶಿ. ನಗು ಬಂತು, ಇಲ್ಲವೆನ್ನುವುದಿಲ್ಲ. ಅಪಾರ್ಟ್‌ಮೆಂಟಿನ ಕಾರ್ಯದರ್ಶಿಗಳ ಬಗ್ಗೆ ಈ ಊರಿನಲ್ಲಿ ಎಷ್ಟು ನಕ್ಕರೂ ಸಾಲದು. ಆದರೆ ಆಶೀರ್ವಾದಕ್ಕೆ ಬೆಲೆ ಕಟ್ಟುವುದರ ಮೇಲಿದ್ದ ಜೋಕು ಈಗ ನಿರ್ವಹಣಾ ಶುಲ್ಕದ ಮೇಲಿದೆ. ಯಾರೂ ಅವನಿಗೆ ಬೆದರಿಕೆ ಹಾಕಿರಲಿಲ್ಲ, ಯಾವ ಠಾಣೆಯಿಂದಲೂ ಕರೆ ಬಂದಿರಲಿಲ್ಲ. ಹೀಗೆ ಸವೆದುಹೋದ ಜೋಕುಗಳಿಗೆ ಎಫ್‌ಐಆರ್ ಸಂಖ್ಯೆ ಇರುವುದಿಲ್ಲ, ಆದ್ದರಿಂದ ಯಾವ ಲೆಕ್ಕದಲ್ಲೂ ಅವು ಸಿಗುವುದಿಲ್ಲ.

ಇಲ್ಲಿ ಹಳಬರು ಮಾಸ್ಟರ್ ಹಿರಣ್ಣಯ್ಯನವರ ಹೆಸರು ತೆಗೆಯುತ್ತಾರೆ, ತೆಗೆಯಲೇಬೇಕು. ‘ಲಂಚಾವತಾರ’ದ ವೇದಿಕೆಯಲ್ಲಿ ನಿಂತು ಅಂದಂದಿನ ಪತ್ರಿಕೆಯ ಸುದ್ದಿಯನ್ನು ಅಂದಂದೇ ನಾಟಕದೊಳಗೆ ಎಳೆದು ತಂದು, ಅಧಿಕಾರದಲ್ಲಿದ್ದವರನ್ನು ಹೆಸರು ಹಿಡಿದು ಝಾಡಿಸುತ್ತಿದ್ದವರು ಅವರು. ಇಂದು ಸ್ಟ್ಯಾಂಡ್‌ಅಪ್ ಎನ್ನುವುದರ ಬಹುಭಾಗವನ್ನು ಅವರು ಬಣ್ಣ ಹಚ್ಚಿಕೊಂಡು ಮಾಡಿದ್ದರು ಎನ್ನಬಹುದು. 2019ರಲ್ಲಿ ಅವರು ತೀರಿಕೊಂಡಾಗ, ಹಿಂದೆ ನಗುವನ್ನು ತಾಳಿಕೊಳ್ಳುವ ಗುಣವಿತ್ತು, ಈಗ ಇಲ್ಲ ಎಂಬ ಮಾತು ಎಲ್ಲೆಡೆ ಕೇಳಿತು. ನನಗೆ ಅದು ಅರ್ಧ ಮಾತ್ರ ಒಪ್ಪಿಗೆ. ನಾಟಕಗಳನ್ನು ತಡೆಯಲು ಬ್ರಿಟಿಷರು 1876ರಲ್ಲಿ ಮಾಡಿದ ಕಾಯ್ದೆ ಸ್ವಾತಂತ್ರ್ಯ ಬಂದು ಏಳು ದಶಕ ಕಳೆದರೂ ಪುಸ್ತಕದಲ್ಲಿ ಉಳಿದಿತ್ತು. ನಮ್ಮ ರಾಜ್ಯವೂ 1964ರಲ್ಲಿ ತನ್ನದೇ ನಾಟಕ ಪ್ರದರ್ಶನ ಕಾಯ್ದೆ ಮಾಡಿಕೊಂಡಿತು. ಪಿ.ವಿ. ನಾರಾಯಣ ಅವರ ‘ಧರ್ಮಕಾರಣ’ ಕಾದಂಬರಿಯನ್ನು ಕರ್ನಾಟಕ ಸರ್ಕಾರ ಮುಟ್ಟುಗೋಲು ಹಾಕಿಕೊಂಡದ್ದು 1997ರಲ್ಲಿ. ಬರಗೂರು ರಾಮಚಂದ್ರಪ್ಪನವರು ಅದನ್ನು ಪ್ರಶ್ನಿಸಿ ಸುಪ್ರೀಂ ಕೋರ್ಟಿನವರೆಗೆ ಹೋದರು, 2007ರಲ್ಲಿ ಸೋತರು. 2013ರಲ್ಲಿ ‘ಢುಂಢಿ’ ಕಾದಂಬರಿಗಾಗಿ ಯೋಗೇಶ್ ಮಾಸ್ಟರ್ ಅವರನ್ನು ಬೆಂಗಳೂರಿನಲ್ಲೇ ಬಂಧಿಸಲಾಯಿತು. ಪಕ್ಷ ಯಾವುದೇ ಇರಲಿ, ಆಳುವವರಿಗೆ ಈ ಆಯುಧ ಬೇಕಾಗಿಯೇ ಬಂದಿದೆ. ಹಿರಣ್ಣಯ್ಯನವರ ಧೈರ್ಯವನ್ನು ಇಡೀ ಕಾಲದ ಔದಾರ್ಯವೆಂದು ಎಣಿಸಿದರೆ ಅವರಿಗೇ ಅನ್ಯಾಯವಾಗುತ್ತದೆ.

ಅವರಾದ ಮೇಲೆ ಕನ್ನಡದ ನಗೆ ಹೋದದ್ದು ಹಾಸ್ಯೋತ್ಸವ, ನಗೆಹಬ್ಬಗಳ ವೇದಿಕೆಗೆ. ಬೀಚಿ, ಕೈಲಾಸಂ ಅವರನ್ನು ನೆನೆಯುತ್ತ, ನಡುನಡುವೆ ಒಂದು ದಾಸರ ಪದ ಹಾಡಿ, ಎರಡು ಗಂಟೆ ನಿರರ್ಗಳವಾಗಿ ನಗಿಸುವ ದೊಡ್ಡ ಪರಂಪರೆ ಅದು. ಗಂಗಾವತಿ ಪ್ರಾಣೇಶ್, ಎಂ. ಕೃಷ್ಣೇಗೌಡರಂಥವರಿಗೆ ತುಂಬುವ ಮೈದಾನ ಎಷ್ಟೋ ಸಿನಿಮಾ ನಟರಿಗೂ ತುಂಬಲಿಕ್ಕಿಲ್ಲ. ಇಂಗ್ಲಿಷ್, ಹಿಂದಿ ಸ್ಟ್ಯಾಂಡ್‌ಅಪ್‌ಗೆ ಬೀಳುವಂಥ ತಡೆ, ದೂರು, ರದ್ದತಿ ಈ ಉತ್ಸವಗಳ ಹತ್ತಿರ ಸುಳಿಯುವುದೇ ಅಪರೂಪ. ಏಕೆ? ಶುದ್ಧ ಹಾಸ್ಯ, ಮನೆಮಂದಿಯೆಲ್ಲ ಕುಳಿತು ನೋಡಬಹುದಾದದ್ದು, ಯಾರಿಗೂ ನೋವಾಗದ್ದು ಎಂಬ ಉತ್ತರ ಸಿದ್ಧವಾಗಿದೆ.

ಯಾರಿಗೂ ನೋವಾಗದ್ದು? ಉತ್ಸವದ ವೇದಿಕೆಗಳಲ್ಲಿ ಇಷ್ಟು ವರ್ಷ ಓಡಿದ ಸರಕನ್ನು ನೆನಪಿಸಿಕೊಳ್ಳಿ. ಬಾಯಿಬಡುಕಿ ಹೆಂಡತಿ, ಕಪ್ಪು ಬಣ್ಣದ ಹುಡುಗಿಯನ್ನು ನೋಡಲು ಬಂದ ಗಂಡು, ತೊದಲುವ ಮೇಷ್ಟರು, ಕಿವಿ ಕೇಳದ ಮುದುಕ, ದಪ್ಪಗಿರುವ ನೆರೆಮನೆಯಾಕೆ. ಮೂರನೇ ಸಾಲಿನಲ್ಲಿ ಗಂಡನ ಪಕ್ಕ ಕುಳಿತ ಹೆಂಗಸು ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡು ನಗುವುದನ್ನು ಎಲ್ಲರೂ ನೋಡಿದ್ದೇವೆ. ಅವರಿಗೆ ನಿಜಕ್ಕೂ ನಗು ಬಂದಿರಲೂಬಹುದು. ಬಾರದಿದ್ದರೆ ಅವರು ಹೋಗಬೇಕಾದ ಠಾಣೆ ಯಾವುದು? ತೊದಲುವವರ ಸಂಘ ಸಭಾಂಗಣಕ್ಕೆ ಪತ್ರ ಬರೆಯುವುದಿಲ್ಲ, ಬಸ್ಸಿಗೆ ಕಲ್ಲು ಹೊಡೆಯುತ್ತೇವೆಂದು ಯಾರಿಗೂ ಅನ್ನಿಸುವುದಿಲ್ಲ. ನೋವಿಗೆ ಲೆಟರ್‌ಹೆಡ್ ಇದ್ದರೆ, ಕೆಳಗೆ ಅಧ್ಯಕ್ಷರ ಸಹಿ ಇದ್ದರೆ, ಸಂಜೆಗೆ ನಾಲ್ಕು ಜೀಪು ಜನ ಸೇರುವಂತಿದ್ದರೆ ಅದು ಧಾರ್ಮಿಕ ಭಾವನೆಯೋ ಜಾತಿಯ ಸ್ವಾಭಿಮಾನವೋ ಆಗುತ್ತದೆ. ಅದಿಲ್ಲದಿದ್ದರೆ ಶುದ್ಧ ಹಾಸ್ಯ. ನಮ್ಮ ವ್ಯವಸ್ಥೆ ನೋವನ್ನು ಅಳೆಯುತ್ತಿಲ್ಲ, ಗಲಾಟೆ ಎಬ್ಬಿಸುವ ಶಕ್ತಿಯನ್ನು ಅಳೆಯುತ್ತಿದೆ. ಹೀಗೆ ಅಳೆದರೆ ಗಲಾಟೆಗೆ ಬೆಲೆ ಏರುತ್ತಲೇ ಹೋಗುತ್ತದೆ, ಏಕೆಂದರೆ ಕೂಗಿದವನಿಗೆ ಪ್ರತಿ ಸಲವೂ ಫಲ ಸಿಕ್ಕಿದೆ.

ಇದು ಬಲಪಂಥದ ಸಂಘಟನೆಗಳ ಕಡೆಗೆ ಬೆರಳು ತೋರಿಸಿ ಮುಗಿಸುವ ವಿಷಯವಾಗಿದ್ದರೆ ಎಷ್ಟು ಸಲೀಸಾಗುತ್ತಿತ್ತು. ಕನ್ನಡಿಗರಾದ ನಾವೇ 2025ರ ಬೇಸಿಗೆಯಲ್ಲಿ ಈ ಪರೀಕ್ಷೆಗೆ ಕುಳಿತೆವು. ಚೆನ್ನೈನ ಸಮಾರಂಭವೊಂದರಲ್ಲಿ ಕಮಲ್ ಹಾಸನ್ ಕನ್ನಡ ತಮಿಳಿನಿಂದ ಹುಟ್ಟಿತು ಎಂದರು. ಅದು ಜೋಕಲ್ಲ, ತಪ್ಪು ಮಾಹಿತಿ. ಎರಡೂ ಒಂದೇ ಮೂಲದ ಸೋದರ ಭಾಷೆಗಳೆಂದು ಭಾಷಾಶಾಸ್ತ್ರದ ಮೊದಲ ಪಾಠದಲ್ಲೇ ಹೇಳುತ್ತಾರೆ. ನನಗೂ ಸಿಟ್ಟು ಬಂತು. ಆ ಸಿಟ್ಟಿಗೆ ಉತ್ತರವಾಗಿ ಹಲ್ಮಿಡಿ ಶಾಸನದ ಬಗ್ಗೆ, ಮೂಲ ದ್ರಾವಿಡದ ಬಗ್ಗೆ ಒಳ್ಳೆಯ ಲೇಖನಗಳು ಬಂದವು, ಅಷ್ಟಕ್ಕೆ ನಿಲ್ಲಬಹುದಿತ್ತು. ನಿಲ್ಲಲಿಲ್ಲ. ಕ್ಷಮೆ ಕೇಳದಿದ್ದರೆ ಅವರ ಚಿತ್ರ ರಾಜ್ಯದಲ್ಲಿ ಬಿಡುಗಡೆಯಾಗದು ಎಂದು ಚಲನಚಿತ್ರ ವಾಣಿಜ್ಯ ಮಂಡಳಿ ಹೇಳಿತು, ಚಿತ್ರಮಂದಿರಗಳಿಗೆ ಬೆದರಿಕೆ ಹೋಯಿತು, ಒಂದು ಕ್ಷಮೆ ಕೇಳಿದ್ದರೆ ಮುಗಿಯುತ್ತಿತ್ತಲ್ಲ ಎಂದು ಹೈಕೋರ್ಟ್ ಕೂಡ ಕೇಳಿತು. ಜೂನ್‌ನಲ್ಲಿ ಸುಪ್ರೀಂ ಕೋರ್ಟ್ ಕಟುವಾಗಿಯೇ ಮಾತನಾಡಿತು: ಬೀದಿಯನ್ನು ಗುಂಪುಗಳ ಕೈಗೆ ಕೊಡಲಾಗದು, ಕ್ಷಮೆ ಕೇಳಿಸುವುದು ಹೈಕೋರ್ಟಿನ ಕೆಲಸವಲ್ಲ. ಫಾರೂಕಿ ಪ್ರಕರಣದಲ್ಲಿ ಅಭಿವ್ಯಕ್ತಿ ಸ್ವಾತಂತ್ರ್ಯದ ಪರ ಬರೆದ ಕೆಲವರು ಈ ಸಲ ಮೌನವಾಗಿದ್ದರು. ಅಂದು ಮೌನವಾಗಿದ್ದ ಕೆಲವರಿಗೆ ಈ ಸಲ ಸಂವಿಧಾನ ನೆನಪಾಯಿತು.

ಕ್ಷಮೆಯ ವಿಷಯದಲ್ಲಿ ಸುಪ್ರೀಂ ಕೋರ್ಟೂ ಒಂದೇ ಸ್ವರದಲ್ಲಿ ಹಾಡಿಲ್ಲ. ಅದೇ ವರ್ಷದ ಆಗಸ್ಟ್‌ನಲ್ಲಿ ಇನ್ನೊಂದು ಪೀಠ, ಅಂಗವಿಕಲರನ್ನು ಅಪಹಾಸ್ಯ ಮಾಡಿದ ಸಮಯ್ ರೈನಾ ಮತ್ತಿತರ ಹಾಸ್ಯಗಾರರಿಗೆ ತಮ್ಮ ಚಾನೆಲ್‌ಗಳಲ್ಲೇ ಕ್ಷಮೆ ಕೇಳುವಂತೆ ಹೇಳಿತು. ದೂರು ಒಯ್ದದ್ದು ಬೆನ್ನುಹುರಿಯ ಸ್ನಾಯು ಕ್ಷೀಣತೆಯ ರೋಗಿಗಳ ಪರ ಕೆಲಸ ಮಾಡುವ ಪ್ರತಿಷ್ಠಾನ. ಅಂಥ ಕಾಯಿಲೆಯ ಮಗುವಿನ ಚಿಕಿತ್ಸೆಯ ವೆಚ್ಚವನ್ನು ಜೋಕು ಮಾಡುವುದರಲ್ಲಿ ಏನು ಸಾಹಸವಿದೆಯೋ ನನಗೆ ತಿಳಿಯದು. ಮಂತ್ರಿಯ ಬಗ್ಗೆ ಮಾತನಾಡಲು ಹೆದರುವ ವೇದಿಕೆ ಗಾಲಿಕುರ್ಚಿಯ ಮೇಲೆ ಶೌರ್ಯ ತೋರಿಸುವುದು ಹೇಡಿತನಕ್ಕೆ ಹತ್ತಿರ. ಲೆಟರ್‌ಹೆಡ್ ಇಲ್ಲದ ನೋವಿಗೆ ಕಡೆಗೂ ಒಂದು ವಿಳಾಸ ಸಿಕ್ಕಿತು ಎಂದು ಸಮಾಧಾನಪಡಬಹುದು. ಅದರಲ್ಲೂ ನನಗೆ ಅಳುಕಿದೆ. 2025ರ ಜೂನ್‌ನಲ್ಲಿ ಹೈಕೋರ್ಟಿನ ಕೆಲಸವಲ್ಲದ್ದು ಆಗಸ್ಟ್‌ನಲ್ಲಿ ಸುಪ್ರೀಂ ಕೋರ್ಟಿನ ಕೆಲಸವಾದದ್ದು ಹೇಗೆ ಎಂಬುದಕ್ಕೆ ವಿವರಣೆ ಬೇಕು. ಬಲಹೀನರ ರಕ್ಷಣೆಗೆಂದು ಇಂದು ಒಪ್ಪಿಕೊಂಡ ಅಧಿಕಾರವನ್ನು ನಾಳೆ ಬಲಿಷ್ಠರು ಬಂದು ಕೇಳುತ್ತಾರೆ, ಅವರ ಬಳಿ ಒಳ್ಳೆಯ ವಕೀಲರಿರುತ್ತಾರೆ.

ಹಾಸ್ಯಗಾರರ ಎದುರಾಳಿಗಳ ವಾದದಲ್ಲಿ ನನಗೆ ಗಟ್ಟಿಯೆನಿಸುವುದು ಒಂದೇ. ಟಿಕೆಟ್ ಕೊಂಡು ಬಂದವನಿಗೆ ತಾನು ಏನನ್ನು ಕೇಳಲು ಬಂದಿದ್ದೇನೆಂದು ಗೊತ್ತು. ಆ ಕೋಣೆಯ ಕತ್ತಲು, ಹಿಂದಿನ ಹತ್ತು ನಿಮಿಷದ ಮಾತು, ಹೇಳುವವನ ಧಾಟಿ ಎಲ್ಲ ಸೇರಿ ಜೋಕು ಜೋಕಾಗುತ್ತದೆ. ಅದರಿಂದ ಮೂವತ್ತು ಸೆಕೆಂಡು ಕತ್ತರಿಸಿ, ಮೇಲೊಂದು ಕೆರಳಿಸುವ ಶೀರ್ಷಿಕೆ ಬರೆದು ವಾಟ್ಸ್ಆ್ಯಪ್‌ಗೆ ಹಾಕಿದರೆ ಬೆಳಗ್ಗೆ ಪೂಜೆ ಮುಗಿಸಿ ಮೊಬೈಲ್ ತೆರೆದವರ ಅಂಗೈಗೆ ಅದು ಬೈಗುಳವಾಗಿ ಬಂದು ಬೀಳುತ್ತದೆ. ಅವರು ಟಿಕೆಟ್ ಕೊಂಡಿರಲಿಲ್ಲ, ಅವರ ಬೇಸರ ನಾಟಕವೂ ಅಲ್ಲ. ಹಾಸ್ಯಗಾರರಿಗೂ ಇದು ಗೊತ್ತಿರುವುದರಿಂದಲೇ ರಾಜಕೀಯದ ಸರಕನ್ನು ಕೋಣೆಗೆ, ತಿಂಡಿ ತೀರ್ಥ, ಟ್ರಾಫಿಕ್, ಅಮ್ಮನ ಫೋನ್ ಕರೆಗಳನ್ನು ಯೂಟ್ಯೂಬ್‌ಗೆ ಎಂದು ಹಲವರು ಬೇರ್ಪಡಿಸಿಟ್ಟಿದ್ದಾರೆ. ಆದರೆ ಈ ನೋವಿಗೂ ಸಭಾಂಗಣ ಮುಚ್ಚಿಸುವುದಕ್ಕೂ ಸಂಬಂಧ ಹಚ್ಚುವುದು ಕಷ್ಟ. ತುಣುಕು ಮೊಬೈಲಿನಲ್ಲಿ ಓಡಾಡುತ್ತಲೇ ಇರುತ್ತದೆ. ರದ್ದಾಗುವುದು ಕೇಳಲು ಒಪ್ಪಿದವರೇ ಕುಳಿತಿರುವ ಕೋಣೆ.

ಈಗ ರಾಜ್ಯದಲ್ಲಿ ಚರ್ಚೆ ಇನ್ನೊಂದು ಮಗ್ಗುಲಿಗೆ ಹೊರಳಿದೆ. ದ್ವೇಷ ಭಾಷಣ ಮತ್ತು ದ್ವೇಷ ಅಪರಾಧ ತಡೆ ಮಸೂದೆಗೆ 2025ರ ಡಿಸೆಂಬರ್‌ನ ಬೆಳಗಾವಿ ಅಧಿವೇಶನದಲ್ಲಿ ಉಭಯ ಸದನಗಳ ಒಪ್ಪಿಗೆ ದೊರೆಯಿತು. ಒಂದರಿಂದ ಏಳು ವರ್ಷದವರೆಗೆ ಜೈಲು, ಜಾಮೀನಿಲ್ಲದ ಅಪರಾಧ. ದ್ವೇಷ ಭಾಷಣದಿಂದ ಈ ರಾಜ್ಯದಲ್ಲಿ ಆಗಿರುವ ಅನಾಹುತವನ್ನು ಕರಾವಳಿಯವರಿಗೆ ಯಾರೂ ವಿವರಿಸಬೇಕಿಲ್ಲ. ಕಾನೂನು ಬೇಡವೇ ಬೇಡ ಎನ್ನುವವರಲ್ಲಿ ನಾನಿಲ್ಲ. ಆದರೆ ವೇದಿಕೆಯ ಮೇಲಿರುವವರು ಆ ಏಳು ವರ್ಷ ಎಂಬ ಅಂಕಿಯನ್ನು ಗಮನಿಸಬೇಕು. ಇಮ್ರಾನ್ ಪ್ರತಾಪಗಢಿ ತೀರ್ಪು ಕೊಟ್ಟ ದೊಡ್ಡ ರಕ್ಷಣೆ ನಾಗರಿಕ ಸುರಕ್ಷಾ ಸಂಹಿತೆಯ 173(3)ನೇ ಕಲಮಿನದು: ಮಾತಿಗೆ ಸಂಬಂಧಿಸಿದ ದೂರು ಬಂದರೆ ಕೂಡಲೇ ಎಫ್‌ಐಆರ್ ಹಾಕದೆ, ಮೇಲಧಿಕಾರಿಯ ಅನುಮತಿ ಪಡೆದು, 14 ದಿನದೊಳಗೆ ಪ್ರಾಥಮಿಕ ವಿಚಾರಣೆ ನಡೆಸಿ, ಮೇಲ್ನೋಟಕ್ಕೆ ಹುರುಳಿದೆಯೇ ನೋಡಿ. ಈ ಕಲಮು ಅನ್ವಯಿಸುವುದು ಮೂರು ವರ್ಷ ಅಥವಾ ಅದಕ್ಕಿಂತ ಹೆಚ್ಚು, ಆದರೆ ಏಳು ವರ್ಷಕ್ಕಿಂತ ಕಡಿಮೆ ಶಿಕ್ಷೆಯ ಅಪರಾಧಗಳಿಗೆ. ಮೂರು ವರ್ಷದ 299 ಇದರೊಳಗೆ ಬರುತ್ತದೆ. ಏಳು ವರ್ಷದವರೆಗೆ ಶಿಕ್ಷೆ ಇರುವ ಹೊಸ ಅಪರಾಧ, ನಾನು ಓದಿಕೊಂಡ ಹಾಗೆ, ಆಚೆ ಉಳಿಯುತ್ತದೆ. ಅಂದರೆ ದೂರು ಕೊಡುವವರು ಹಳೆಯ ಕಲಮಿನ ಬದಲು ಹೊಸದನ್ನು ಬರೆದರೆ ಆ 14 ದಿನದ ಉಸಿರಾಟವೂ ಇಲ್ಲ. ದ್ವೇಷ ಕಾರುವವರನ್ನು ಹಿಡಿಯಲು ಹೆಣೆದ ಬಲೆಗೆ ಮೊದಲು ಯಾರು ಸಿಗುತ್ತಾರೆ ಎಂಬುದು ದೂರುದಾರರ ಉತ್ಸಾಹವನ್ನು ಅವಲಂಬಿಸುತ್ತದೆ, ಉತ್ಸಾಹ ಯಾರಲ್ಲಿ ಹೆಚ್ಚು ಎಂಬುದನ್ನು ಮೇಲೆ ನೋಡಿದ್ದೇವೆ.

ಬೆಂಗಳೂರಿನಲ್ಲಿ ಪೊಲೀಸ್ ಆಯುಕ್ತರಿಗೆ ಮ್ಯಾಜಿಸ್ಟ್ರೇಟ್ ಅಧಿಕಾರವಿದೆ. ಒಂದು ಕಾರ್ಯಕ್ರಮದಿಂದ ನಿಜಕ್ಕೂ ಅಪಾಯವೆನಿಸಿದರೆ ಕಾರಣ ಬರೆದು ನಿಷೇಧಾಜ್ಞೆ ಹೊರಡಿಸಬಹುದು. ಅದನ್ನು ಯಾರಾದರೂ ಹೈಕೋರ್ಟಿನಲ್ಲಿ ಪ್ರಶ್ನಿಸಬಹುದು, ಪ್ರಶ್ನಿಸಿ ಗೆದ್ದ ಉದಾಹರಣೆಯೂ ಇದೇ ಊರಿನದು. ಪೌರತ್ವ ಕಾಯ್ದೆಯ ಪ್ರತಿಭಟನೆಗಳ ಹೊತ್ತಿನಲ್ಲಿ 2019ರ ಡಿಸೆಂಬರ್ 18ರಂದು ನಗರದಲ್ಲಿ ಹೊರಡಿಸಿದ 144ನೇ ಕಲಮಿನ ಆದೇಶವನ್ನು ಕರ್ನಾಟಕ ಹೈಕೋರ್ಟ್ 2020ರ ಫೆಬ್ರವರಿಯಲ್ಲಿ ಕಾನೂನುಬಾಹಿರವೆಂದಿತು. ಆಗ ಮುಖ್ಯ ನ್ಯಾಯಮೂರ್ತಿಯಾಗಿದ್ದವರು ಅಭಯ್ ಓಕಾ, ಐದು ವರ್ಷದ ಮೇಲೆ ಸ್ಟ್ಯಾಂಡ್‌ಅಪ್ ಕಾಮಿಡಿಯನ್ನು ಹೆಸರಿಸಿ ತೀರ್ಪು ಬರೆದವರೇ. ಅಂಥ ಪರಿಶೀಲನೆಗೆ ಸಿಗಬೇಕಾದರೆ ಆದೇಶ ಎಂಬುದೊಂದು ಇರಬೇಕು. ರದ್ದು ಮಾಡುವುದು ಸೂಕ್ತ ಎಂಬ ಸಲಹೆಗೆ ಮೇಲ್ಮನವಿ ಇಲ್ಲ. ಸಲಹೆಯನ್ನು ಪಾಲಿಸಿದವರು ಸಂಘಟಕರು, ಹಣ ಹಿಂದಿರುಗಿಸಿದವರು ಅವರೇ, ನಾಳೆ ಯಾರಾದರೂ ಕೇಳಿದರೆ ನಾವೇನೂ ನಿಷೇಧಿಸಿರಲಿಲ್ಲ ಎಂದು ಠಾಣೆ ಹೇಳಬಹುದು, ಹೇಳಿದ್ದು ಸುಳ್ಳೂ ಆಗುವುದಿಲ್ಲ. ಮುಂದಿನ ಸಲ ಇಂಥ ಪತ್ರ ಬಂದಾಗ ಸಂಘಟಕರು ಅದರ ಹಿಂಬದಿಯಲ್ಲೇ ಬರೆದು ಕೇಳಬೇಕಾದದ್ದು ಎರಡೇ ಸಂಗತಿ: ಇದು ಯಾವ ಕಲಮಿನ ಕೆಳಗಿನ ಆದೇಶ, ಮತ್ತು ಗಲಾಟೆ ಮಾಡುತ್ತೇವೆಂದು ನಿಮಗೆ ತಿಳಿಸಿದವರ ಮೇಲೆ ಯಾವ ಪ್ರಕರಣ ದಾಖಲಾಗಿದೆ.